ಮೋರಿಗೆ ಸುರಿದ ಕಟ್ಟು

ಕಡಲೆಬೇಳೆ ಬೇಯಿಸಿ ಬಸಿದ ನೀರನ್ನು ನಾನು ಮೊದಲ ಸಲ ಮೋರಿಗೆ ಸುರಿದ ದಿನ ಅತ್ತೆ ಸಂಜೆಯವರೆಗೂ ನನ್ನೊಡನೆ ಮಾತಾಡಲಿಲ್ಲ. ಆ ನೀರೇ ಕಟ್ಟು. ಹೋಳಿಗೆ ಮಾಡಿದ ದಿನ ಅದಕ್ಕೆ ಒಣಕೊಬ್ಬರಿ, ಮಸಾಲೆ ಅರೆದು ಹಾಕಿ ಸಾರು ಕುದಿಸುವುದು ನಮ್ಮ ಕಡೆಯ ರೂಢಿ. ಆಂಧ್ರ ಇನ್ನೂ ಒಂದೇ ರಾಜ್ಯವಾಗಿದ್ದ ಕಾಲ. ನನ್ನ ಗಂಡ ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿದ್ದರು. ಬೇಗಂ ಬಜಾರಿನಿಂದ ಬೇಳೆ ತರುತ್ತಿದ್ದುದು ಹೋಳಿಗೆಗಿಂತ ಆ ಸಾರಿನ ಆಸೆಗೇ.

ನನ್ನ ಗಂಡನ ಕಾಯಿಲೆಯನ್ನು ಡಾಕ್ಟರು ತೆಲುಗು, ಹಿಂದಿ ಬೆರೆಸಿ ಬಿಡಿಸಿ ಹೇಳಿದ್ದರು. ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಗೆ, ಮುಷ್ಟಿಯಷ್ಟು ದೊಡ್ಡ ಎರಡು ಮೂತ್ರಪಿಂಡ. ಒಂದೊಂದರಲ್ಲೂ ಲಕ್ಷಗಟ್ಟಲೆ ಸಣ್ಣ ಜರಡಿ, ಪ್ರತಿ ಜರಡಿಗೂ ಒಂದು ಕೊಳವೆ. ರಕ್ತದ ನೀರು, ಉಪ್ಪು, ಸಕ್ಕರೆ ಎಲ್ಲ ಸೋಸಿ ಕೊಳವೆಗಿಳಿಯುತ್ತದೆ. ಕೊಳವೆ ಬೇಕಾದದ್ದನ್ನು ಆರಿಸಿ ರಕ್ತಕ್ಕೆ ಮರಳಿಸುತ್ತದೆ, ಉಳಿದದ್ದು ಮೂತ್ರ. ನನಗೆ ಅತ್ತೆ ನೆನಪಾದರು. ನಾನು ಕಸದ ಬುಟ್ಟಿಗೆ ಹಾಕಿದ ಕೊತ್ತಂಬರಿ ದಂಟನ್ನೂ ಕೆದಕಿ ಎತ್ತಿಡುವವರು ಅವರು. ಆದರೆ ನನ್ನ ಗಂಡನ ಜರಡಿಗಳು ಬಹುಪಾಲು ಕೆಟ್ಟಿದ್ದವು. ಬೇಳೆ, ತರಕಾರಿ, ಎಳನೀರಿನ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲೇ ನಿಂತರೆ ಎದೆಬಡಿತ ತಪ್ಪಬಹುದು, ನಿಲ್ಲಲೂಬಹುದು. ಅದಕ್ಕೇ ಬೇಯಿಸಿದ ನೀರನ್ನು ಚೆಲ್ಲಬೇಕಿತ್ತು.

ಇವರಿಗೆ ನೋವಿರಲಿಲ್ಲ. ಹಾಗಾಗಿ ಕಾಯಿಲೆಯಿದೆಯೆಂದು ಅತ್ತೆ ನಂಬಲಿಲ್ಲ.

“ಉಚ್ಚಿ ಸಾಫ್ ಹೋಗತೈತಲ್ಲ, ಮತ್ತ ಕಿಡ್ನಿ ಹೆಂಗ ಕೆಟ್ಟೈತಿ? ಕಸುವೆಲ್ಲ ಚೆಲ್ಲಿ ಬರೇ ಚರಟ ತಿನ್ನಸ್ತಿ ನೀ.”

“ಡಾಕ್ಟರ್ ಹೇಳ್ಯಾರ್ರಿ ಅತ್ತಿ.”

“ಡಾಕ್ಟರ್ ಹಡದಾನೇನು ಅವನ್ನ?”

ನಾನು ಕಚೇರಿಗೆ ಹೋದರೂ ಜೀವವೆಲ್ಲ ಅಡುಗೆಮನೆಯಲ್ಲೇ. ಮನೆಗೆ ಬಂದವಳೇ, ಅತ್ತೆ ಕದ್ದು ಕಟ್ಟು ಕುಡಿಸಿದ್ದಾರೋ ಎಂದು ಪಾತ್ರೆ ಮೂಸುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಬಿಡಲೂ ಆಗುತ್ತಿರಲಿಲ್ಲ. ಇವರು ಮಲಗಿದ್ದರೆ ಎದೆಯ ಮೇಲೆ ಕೈಯಿಟ್ಟು ಬಡಿತ ನೋಡುತ್ತಿದ್ದೆ. “ಅದೀನಿ, ಇನ್ನೂ ಅದೀನಿ,” ಎಂದು ಕಣ್ಣು ಮುಚ್ಚಿಕೊಂಡೇ ರೇಗಿಸುತ್ತಿದ್ದರು. ಅತ್ತೆ ಮಾತ್ರ, “ಅಪಶಕುನದಾಕಿ,” ಎಂದು ಬೈಯುತ್ತಿದ್ದರು.

ಹೋಳಿ ಹುಣ್ಣಿಮೆ ಹತ್ತಿರವಿದ್ದಾಗ ಒಂದು ಬೆಳಗ್ಗೆ ಇವರ ಕಾಲಿನ ಬಲವೇ ಉಡುಗಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಎದೆಗೆ ವಯರು ಹಚ್ಚಿದರು. ಪರದೆಯ ಮೇಲಿನ ಗೆರೆ ಹೇಗೆ ಹೇಗೋ ಕುಣಿಯುತ್ತಿತ್ತು. ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದಾಗ ನಾನು ಅತ್ತೆಯತ್ತ ತಿರುಗಿದೆ. ಅವರು ಆ ಗೆರೆಯನ್ನೇ ನೋಡುತ್ತಿದ್ದರು. “ಅವ್ವ ಏನೂ ಕೊಟ್ಟಿಲ್ಲ,” ಎಂದರು ಇವರು. ನೋಡಲು ಬಂದ ಗೆಳೆಯರು ತಂದಿದ್ದ ಎಳನೀರನ್ನು, ತಂಪೆಂದು, ಇವರು ತಾವೇ ಕುಡಿದಿದ್ದರು. ಆ ಸಲ ಉಳಿದರು.

ಹಬ್ಬಕ್ಕೆ ಕಲಬುರ್ಗಿಯಿಂದ ನೆಂಟರು ಬಂದರು. ಅವರಿಗಾಗಿ ಕಟ್ಟಿನ ಸಾರು ಮಾಡಲೇಬೇಕಾಯಿತು. ನಾನು ಹೋಳಿಗೆಯ ತಟ್ಟೆ ಹಿಡಿದು ಬರುವಷ್ಟರಲ್ಲಿ ಇವರು ನೆಂಟರ ಬಟ್ಟಲೊಂದನ್ನು ಎಳೆದುಕೊಂಡು ತುಟಿಗೆ ಇಡುತ್ತಿದ್ದರು.

ಅತ್ತೆ ಬಟ್ಟಲನ್ನು ಕಸಿದುಕೊಂಡರು. ಮಗನ ಮುಂದಿನ ಅನ್ನವನ್ನು ಎಂದೂ ಎತ್ತದ ಕೈ ಅದು.

“ಬ್ಯಾಡೋ ನನ್ನಪ್ಪಾ!”

ಬಟ್ಟಲನ್ನು ಮೋರಿಗೆ ಸುರಿದರು. ಒಲೆಯ ಬಳಿಯಿದ್ದ ಪಾತ್ರೆಯನ್ನೂ ತಂದು ಬೋರಲು ಹಾಕಿದರು. ಆಮೇಲೆ ಮಗನ ಪಕ್ಕ ಕೂತು, ನೆಂಟರೆಲ್ಲ ನೋಡುತ್ತಿರುವಂತೆಯೇ, ಅವರ ಎದೆಯ ಮೇಲೆ ಕೈಯಿಟ್ಟು ಬಡಿತ ನೋಡಿದರು.