ದೊಡ್ಡಮ್ಮ ತಟ್ಟಿ ನೋಡಿದ ಮಡಕೆ

ಈ ಸಾಲು ಬರೆಯುತ್ತಿರುವ ಮಹಾಶಯ ಮಡಕೆಗಳಿಗೆ ಹುಲ್ಲು ಸುತ್ತುವ ಕೂಲಿಗೆ ಸೇರಿದ ಮೊದಲ ದಿನವೇ, ಕುಂಬಾರಿಕೆ ಶೆಡ್ಡಿನವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದವಳನ್ನು ‘ಅಜ್ಜಿ’ ಎಂದುಬಿಟ್ಟಿದ್ದ. ಆಮೇಲೆ ಒಂದು ತಿಂಗಳು ಅವಳು ಅವನಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮುನಿದಿದ್ದಾಳೆಂದು ತಿಳಿದು, ಎದುರು ನಿಲ್ಲುವ ಧೈರ್ಯವಿಲ್ಲದೆ, ಇವನು ಅವಳ ಬೆನ್ನ ಹಿಂದೆ ನಿಂತು ಬಗೆಬಗೆಯಾಗಿ ತಪ್ಪೊಪ್ಪಿಕೊಂಡ. ಕೊನೆಗೊಂದು ದಿನ ಅಲ್ಲೇ ಆರು ಮಡಕೆ ಕೈಜಾರಿ ಚೂರಾದವು. ಅವಳು ತಿರುಗಿಯೂ ನೋಡಲಿಲ್ಲ. ಆಗ ಈ ಬುದ್ಧಿವಂತನಿಗೆ ಹೊಳೆಯಿತು: ಅದು ಮುನಿಸಲ್ಲ, ಕಿವುಡು.

ತಗಡಿನ ಸೂರಿನಡಿ ಹತ್ತು ಜನರ ಜೊತೆ ಕೂತು ನಲವತ್ತು ವರ್ಷ ಮರದ ಹಲಗೆಯಿಂದ ಪಟಪಟ ಹಸಿ ಮಡಕೆ ತಟ್ಟಿದವಳು ಅವಳು. ಮೊದಲು ಮಣಿಕಟ್ಟು ಹೋಯಿತು, ಆಮೇಲೆ ಕಿವಿ. ಗಂಡ ಸತ್ತು ಶೆಡ್ಡು ಮೈದುನನ ಪಾಲಾದಾಗ ಅವಳಿಗೆ ಉಳಿದದ್ದು ಒಂದೇ ಕೆಲಸ: ಸುಟ್ಟು ಬಂದ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು. ಗಟ್ಟಿ ಮಡಕೆ ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಬೊದ್ ಎನ್ನುತ್ತದೆ.

“ಕೂತು ತಿನ್ನೋರಿಗೆ ಇಲ್ಲಿ ಜಾಗ ಇಲ್ಲ ಅತ್ತಿಗೆ,” ಎಂದು ಮೈದುನ ಮೊದಲೇ ಹೇಳಿದ್ದ. ಈ ಕೆಲಸ ಹೋದರೆ, ಮಡಕೆ ಸುಡುವ ಆವಿಗೆಯ ಹಿಂದೆ ಅವಳಿದ್ದ ಕೋಣೆಯೂ ಹೋಗುತ್ತಿತ್ತು.

ಹಾಗಾಗಿ ಅವಳು ತಟ್ಟುತ್ತಿದ್ದಳು, ಕತ್ತು ವಾಲಿಸುತ್ತಿದ್ದಳು, ಆಗಾಗ ಮುಖ ಸಿಂಡರಿಸಿ ಒಂದನ್ನು ತಿಪ್ಪೆಗೆ ಎಸೆಯುತ್ತಿದ್ದಳು. ಅಲ್ಲಿ ಒಡೆಯದೆ ಬಿದ್ದಿದ್ದ ಒಂದೆರಡನ್ನು ಇವನು ಕದ್ದು ತಟ್ಟಿ ನೋಡಿದ. ಠಣ್ ಎಂದವು. ಬಾಯಿಬಿಟ್ಟರೆ ಆ ಕೆಲಸವನ್ನೂ ತನ್ನ ಕೊರಳಿಗೇ ಕಟ್ಟುತ್ತಾರೆಂದು ಹೆದರಿ ಮಹಾಶಯ ಬಾಯಿಗೆ ಬೀಗ ಹಾಕಿಕೊಂಡ.

ಒಂದು ಬೆಳಿಗ್ಗೆ ಹೆಂಗಸೊಬ್ಬಳು ಎರಡು ಹೋಳಾದ ಮಡಕೆ ಹಿಡಿದು ಬಾಗಿಲಿಗೆ ಬಂದಳು. ಒಲೆಯಿಂದ ಇಳಿಸುವಾಗ ಅದು ಸೀಳಿ, ಕುದಿನೀರೆಲ್ಲ ಅವಳ ಮಗಳ ಕಾಲ ಮೇಲೆ ಸುರಿದಿತ್ತು. ಮಗು ಇನ್ನೂ ಆಸ್ಪತ್ರೆಯಲ್ಲಿತ್ತು.

“ನಮ್ಮದು ಇರಲಿಕ್ಕಿಲ್ಲ ಬಿಡಮ್ಮ,” ಎಂದ ಮೈದುನ. “ನಮ್ಮತ್ತಿಗೆ ಕಿವಿ ಅಂದ್ರೆ ಸಾಮಾನ್ಯ ಅಲ್ಲ. ಇರು, ಅವಳನ್ನೇ ಕೇಳು. ಅತ್ತಿಗೆ!”

ಬೆನ್ನು ಹಾಕಿ ಕೂತಿದ್ದ ದೊಡ್ಡಮ್ಮ ಮಡಕೆ ತಟ್ಟುತ್ತಲೇ ಇದ್ದಳು.

“ಅತ್ತಿಗೆ! ಏ ಅತ್ತಿಗೆ!”

ಹಸಿ ಮಡಕೆ ತಟ್ಟುತ್ತಿದ್ದ ಒಬ್ಬೊಬ್ಬರದೇ ಹಲಗೆ ನಿಂತಿತು. ಇಡೀ ಶೆಡ್ಡಿನಲ್ಲಿ ಅವಳ ಗೆಣ್ಣಿನ ಸದ್ದು ಮಾತ್ರ ಉಳಿಯಿತು. ಇವನು ತಲೆ ತಗ್ಗಿಸಿ ಹುಲ್ಲು ಸುತ್ತಿದ.

ಹೆಂಗಸು ಸುತ್ತಿ ಬಂದು ಎದುರು ಕುಕ್ಕರಿಸಿದಳು. ಹೋಳುಗಳನ್ನು ನೆಲಕ್ಕಿಟ್ಟು, ದೊಡ್ಡಮ್ಮನ ಗಲ್ಲ ಹಿಡಿದೆತ್ತಿ, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಕೇಳಿದಳು: “ಮಗಳ ಕಾಲು ಬೆಂದುಹೋಯ್ತು. ಕಿವಿ ಕೇಳಲ್ಲ ಅಂತ ಗೊತ್ತಿದ್ದೂ ಇದನ್ನ ಮಾರೋಕೆ ಬಿಟ್ಯಾ?”

ದೊಡ್ಡಮ್ಮ ಹೋಳುಗಳನ್ನು ನೋಡಿದಳು, ಮೈದುನನನ್ನು ನೋಡಿದಳು.

“ಗೊತ್ತಿತ್ತು,” ಎಂದಳು. “ಹತ್ತರಲ್ಲಿ ಒಂಬತ್ತು ಗಟ್ಟಿನೇ ಇರ್ತವೆ. ಹತ್ತನೇದು ನಿನ್ನ ಮನೆಗೆ ಬಂತು.”