ಸವಳು ನೀರಿನ ಬೇಳೆ

ಪೀರಬಿ ಅಡುಗೆ ಸೋಡಾದ ಡಬ್ಬಿಯನ್ನು ಉಪ್ಪಿನ ಡಬ್ಬಿಯ ಹಿಂದೆ ಇಡುತ್ತಿದ್ದಳು. ಬಚ್ಚಿಡಬೇಕೆಂದಲ್ಲ, ಕೈಗೆ ಸಿಗುವ ಜಾಗ ಅದು. ಬೇಳೆ ಕುದಿ ಬಂದಾಗ ಮುಚ್ಚಳ ಸರಿಸಿ ಒಂದು ಚಮಚ ಉದುರಿಸಿದರೆ ಭುಸ್ಸೆಂದು ನೊರೆ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬೇಳೆ ಕರಗಿ ಬೆಣ್ಣೆಯಾಗುತ್ತಿತ್ತು. ಗೊಬ್ಬೂರಿನಿಂದ ಒಳಗಿರುವ ಆ ಊರಿನ ಸರ್ಕಾರಿ ಶಾಲೆಗೆ ಬಿಸಿಯೂಟ ಬೇಯಿಸಲು ಬಂದ ಮೊದಲ ವಾರದಲ್ಲೇ ಆಕೆ ಕಲಿತ ಕೆಲಸ ಇದು. ಕಲಿಸಿದವಳು ಹಿಂದಿನ ಅಡುಗೆಯವಳು. ಅವಳಿಗೂ ಯಾರೋ ಕಲಿಸಿದ್ದರು.

ಊರಿನ ಬೋರ್‌ವೆಲ್ ನೀರು ಸವಳು. ಅದರಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ತೊಗರಿಬೇಳೆ ಮೆತ್ತಗಾಗುವುದಿಲ್ಲ. ಶಾಲೆಯ ಕಂಪೌಂಡಿಗೆ ತಾಗಿಯೇ ತೊಗರಿ ಹೊಲ. ದೂರದೂರಿಗೆಲ್ಲ ಬೇಳೆ ಕಳಿಸುವ ಸೀಮೆ. ಮನೆಯಲ್ಲಾದರೆ ರಾತ್ರಿಯೇ ನೆನೆಹಾಕಬಹುದು. ಶಾಲೆಯಲ್ಲಿ ದಾಸ್ತಾನು ಕೋಣೆಯ ಕೀಲಿ ಮುಖ್ಯೋಪಾಧ್ಯಾಯ ಜಗದೇವರ ಬಳಿ ಇರುತ್ತದೆ. ಅವರು ಅಫಜಲಪುರದಿಂದ ಬಸ್ಸಿಗೆ ಬಂದು, ಕೀಲಿ ತೆಗೆದು, ಬೇಳೆ ಅಳೆದು ಕೊಡುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಮಧ್ಯಾಹ್ನದ ಗಂಟೆಯೊಳಗೆ ಅದು ಸಾಂಬಾರಾಗಬೇಕು.

ಪೀರಬಿ ಜೇವರ್ಗಿ ಕಡೆಯ ಹೆಣ್ಣುಮಗಳು. ಗಂಡ ಲಾಡ್ಲೆಸಾಬ ಗೋಡೆ ಕಟ್ಟುವ ಗೌಂಡಿ. ಮೊಣಕಾಲು ಹಿಡಿದ ಮೇಲೆ ಮನೆಯ ಕಟ್ಟೆಯಲ್ಲೇ ಉಳಿದ. ಮಗಳು ಮುಮತಾಜ, ಅಳಿಯ ಇಬ್ಬರೂ ಸೊಲ್ಲಾಪುರದ ಟವೆಲ್ ಕಾರ್ಖಾನೆಯಲ್ಲಿ. ಅವರ ಮಗಳು ತಬಸ್ಸುಮ ಓದಿಗೆಂದು ನಾನಿಯ ಹತ್ತಿರ ಬೆಳೆಯುತ್ತಿದ್ದಾಳೆ, ಅದೇ ಶಾಲೆಯ ಆರನೇ ತರಗತಿಯಲ್ಲಿ. ಹುಡುಗಿ ಮಧ್ಯಾಹ್ನದ ಪಾಠಕ್ಕೆ ತೂಕಡಿಸುತ್ತಿದ್ದಳು. ಬೆಳಿಗ್ಗೆ ಒಪ್ಪಿಸಿದ ಮಗ್ಗಿ ಸಂಜೆಗೆ ಮರೆಯುತ್ತಿದ್ದಳು. ಸೋಮಾರಿ ಎಂದು ಪೀರಬಿ ಬೈಯುತ್ತಿದ್ದಳು. ಒಮ್ಮೆ ಶಾಲೆಗೆ ಬಂದ ಡಾಕ್ಟರು ಹುಡುಗಿಯ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಡಿಮೆ ಇದೆ, ಏನು ತಿನ್ನಿಸುತ್ತೀರಿ ಎಂದು ಕೇಳಿದರು.

"ಬ್ಯಾಳಿ ನಾನ ಕೈಯಾರೆ ನೀಡ್ತೇನ್ರಿ, ಎರಡೆರಡ ಸವಟ," ಎಂದಳು ಪೀರಬಿ, ಹೆಮ್ಮೆಯಿಂದ.

ಆ ವರ್ಷವೇ ಅಫಜಲಪುರದಲ್ಲಿ ಅಡುಗೆಯವರಿಗೆ ತರಬೇತಿ ನಡೆಯಿತು. ಕೈ ತೊಳೆಯುವುದು, ತರಕಾರಿ ಹೆಚ್ಚುವುದು ಎಲ್ಲ ಹೇಳಿ ಮುಗಿಸಿದ ಮೇಡಮ್ ಕಡೆಗೆ ಕೇಳಿದರು: "ಬ್ಯಾಳಿಗಿ ಸೋಡಾ ಹಾಕೋರು ಯಾರ್ಯಾರ ಇದ್ದೀರಿ?"

ಕೈಗಳು ಎದ್ದವು. ಪೀರಬಿಯ ಕೈ ಎಲ್ಲರಿಗಿಂತ ಮೊದಲು ಎದ್ದಿತು. ಚೆನ್ನಾಗಿ ಬೇಯಿಸುವವರು ಯಾರೆಂದು ಕೇಳುತ್ತಿದ್ದಾರೆ ಅಂದುಕೊಂಡಿದ್ದಳು.

"ಸೋಡಾ ಬಿದ್ರ ಬ್ಯಾಳಿ ಲಗೂ ಬೇಯ್ತದ, ಖರೇ. ಅದರಾಗಿನ ಜೀವಸತ್ವ ಸಾಯ್ತದ. ನರಕ್ಕ, ರಕ್ತಕ್ಕ, ಓದೋ ಹುಡುಗುರ ತಲಿಗಿ ಬೇಕಾದದ್ದ ಅದು. ನೀವು ಹೊಟ್ಟಿ ತುಂಬಸ್ತೀರಿ, ಅರ್ಧ ಸತ್ವ ಕೊಂದು," ಎಂದರು ಮೇಡಮ್.

ತಬಸ್ಸುಮಳ ರಕ್ತ ಕಡಿಮೆಯಾದದ್ದು ಸೋಡಾದಿಂದಲೇ ಎಂದು ಯಾರೂ ಹೇಳಲಿಲ್ಲ, ಹೇಳಲೂ ಬರುವುದಿಲ್ಲ. ಆ ಮನೆಯಲ್ಲಿ ಸೊಪ್ಪು ಕಾಣುವುದೇ ಅಪರೂಪ. ಆದರೂ ಪೀರಬಿ ತಡಮಾಡಲಿಲ್ಲ. ಮರುದಿನ ಸೋಡಾವನ್ನು ಮೋರಿಗೆ ಸುರಿದು ಡಬ್ಬಿಗೆ ಜೀರಿಗೆ ತುಂಬಿದಳು. ಮೊಮ್ಮಗಳ ತಟ್ಟೆಗೆ ಇನ್ನು ಸತ್ತ ಬೇಳೆ ಬೀಳಬಾರದು. ಆಕೆಗೆ ಬೇಕಾದದ್ದು ಅಷ್ಟೇ.

ಜಗದೇವರನ್ನು ಕೇಳಿದಳು: "ಸಂಜಿಗೇ ಬ್ಯಾಳಿ ಕೊಡ್ರಿ ಸರ್, ನೆನಿ ಇಡ್ತೇನಿ."

"ರಾತ್ರಿ ಇಲಿ ತಿಂದ್ರ? ಯಾರರ ಒಯ್ದ್ರ? ಹಿಂದಿನ ಸಾಲ್ಯಾಗ ಅಕ್ಕಿ ಚೀಲ ಹೋಗಿದ್ದಕ್ಕ ನನ್ನ ಪಗಾರದಾಗ ಮುರಕೊಂಡಾರ. ಬ್ಯಾಡ್ರಿ ಪೀರಬಿ."

ಹಾಗಾಗಿ ಆಕೆ ಊರ ಹೊರಗಿನ ಶುದ್ಧ ನೀರಿನ ಘಟಕಕ್ಕೆ ಹೋದಳು. ಆ ನೀರಿನಲ್ಲಿ ಬೇಳೆ ಬೆಂದಿತು. ತಾನೇ ನಾಣ್ಯ ಹಾಕಿ, ಕ್ಯಾನನ್ನು ಸೊಂಟಕ್ಕಿಟ್ಟು ದಿನವೂ ಹೊತ್ತು ತಂದಳು. ಜೊತೆಗೆ ಅಡುಗೆ ಮಾಡುವ ಮಹಾನಂದಾ ನಕ್ಕಳು: "ಆಪಾ, ಮಗಳ ಮದವಿಗರ ಇಷ್ಟ ನೀರ ಹೊತ್ತಿದ್ದೇನ?"

"ಆ ಮದವ್ಯಾಗ ನೀ ಬರೇ ಉಂಡ ಹೋದಿ. ಈಗರ ಒಂದ ಕ್ಯಾನ ಹಿಡಿ ಬೇ."

ಮಳೆಗಾಲ, ಚಳಿಗಾಲ ಹೀಗೇ ಕಳೆದವು. ತಬಸ್ಸುಮ ಮಗ್ಗಿ ಮರೆಯುವುದು ಕಡಿಮೆಯಾಯಿತು ಎಂದು ಪೀರಬಿಗೆ ಅನ್ನಿಸಿತು. ಮಗ್ಗಿ ಹೇಳಿಸುವ ಮಾಸ್ತರರಿಗೆ ಹಾಗೇನೂ ಅನ್ನಿಸಲಿಲ್ಲ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ನೀರಿನ ಘಟಕ ಕೆಟ್ಟು ನಿಂತಿತು. ಕಲಬುರಗಿಯಿಂದ ಮೆಕ್ಯಾನಿಕ್ ಬರುತ್ತಾನೆ ಎಂದರು. ಬರಲಿಲ್ಲ. ಪೀರಬಿ ಸವಳು ನೀರನ್ನೇ ಇಟ್ಟಳು, ಸೋಡಾ ಹಾಕಲಿಲ್ಲ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಕಾಳುಕಾಳಾಗಿಯೇ ಉಳಿಯಿತು. ಮುಂದಿನ ಸಿಲಿಂಡರ್ ಬರುವ ಮೊದಲೇ ಇದ್ದದ್ದು ಮುಗಿಯಿತು. ಅಡುಗೆ ಕೋಣೆಯ ಹಿಂದೆ ಕಲ್ಲು ಹೂಡಿ ತೊಗರಿ ಕಟ್ಟಿಗೆಗೆ ಬೆಂಕಿ ಹಚ್ಚಿದಳು. ಹೊಗೆ ತರಗತಿಗಳಿಗೆ ನುಗ್ಗಿತು, ಊಟ ತಡವಾಯಿತು, ಒಂದನೇ ತರಗತಿಯ ಮಕ್ಕಳು ತಟ್ಟೆ ಹಿಡಿದೇ ಅತ್ತರು. ಉಣ್ಣಲು ಕೂತ ಮೇಲೆ ಬೇಳೆಯನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ಅನ್ನ ತಿಂದರು. ಸರಿಸಿದ್ದೆಲ್ಲ ಕಂಪೌಂಡಿನಾಚೆ ಬಿತ್ತು. ಅಲ್ಲಿ ನಾಯಿಗಳು ಕಾಯುತ್ತಿದ್ದವು.

ಶಾಲಾ ಸಮಿತಿಯ ಅಧ್ಯಕ್ಷ ಅಂಬಾರಾಯ ಬಂದು ಪಾತ್ರೆಯೊಳಗೆ ಸವಟು ಆಡಿಸಿ ನೋಡಿದ.

"ಏನ ಪೀರಬಿ, ಹುಡುಗುರು ಉಣ್ಣಬೇಕೋ, ಗೋಲಿ ಆಡಬೇಕೋ?"

"ಸೋಡಾ ಹಾಕಿದ್ರ ಬೇಯ್ತದ್ರಿ. ಸತ್ವ ಹೋಗ್ತದಂತ ಮೇಡಮ್ಮರ ಹೇಳ್ಯಾರ."

"ಈಗ ಆ ಸತ್ವ ನಾಯಿಗೋಳಿಗಿ ಹೋಗಾಕತ್ತದ. ನೋಡು, ಹ್ಯಾಂಗ ದುಂಡಗ ಆಗ್ಯಾವ!"

ಮಹಾನಂದಾ ಸೆರಗು ಬಾಯಿಗಿಟ್ಟುಕೊಂಡಳು. ಜಗದೇವರೂ ನಕ್ಕರು. ಪೀರಬಿ ನಗಲಿಲ್ಲ.

"ನೀರಿನ ಮಷೀನ್ ರಿಪೇರಿ ಮಾಡಸ್ರಿ. ನಾ ಮೊದಲಿನಂಗ ಹೊತ್ತ ತರ್ತೇನಿ."

"ಮಷೀನ್ ಪಂಚಾಯ್ತಿದು. ಬ್ಯಾಳಿ ಸಾಲೀದು. ಎರಡೂ ಕೂಡಸಬ್ಯಾಡ," ಎಂದ ಅಂಬಾರಾಯ.

ಜಗದೇವರು ದನಿ ತಗ್ಗಿಸಿದರು. "ನಾಳಿಂದ ಸೋಡಾ ಹಾಕ್ರಿ ಪೀರಬಿ. ಆಗಂಗಿಲ್ಲಂದ್ರ ಮಹಾನಂದಾ ಹಾಕ್ತಾಳ. ನಿಮ್ಮ ಜಾಗಾಕ್ಕ ಬ್ಯಾರೆದವ್ರ ಬರ್ತಾರ."

ಪೀರಬಿ ಪಾತ್ರೆ ತೊಳೆದಿಟ್ಟು ಮನೆಗೆ ಹೋದಳು. ಲಾಡ್ಲೆಸಾಬ ಕಟ್ಟೆಯ ಮೇಲಿದ್ದ. ಕೆಲಸ ಬಿಟ್ಟರೆ ಈ ಮನೆಯ ಒಲೆ ಆರುತ್ತದೆ. ಬಿಟ್ಟರೂ ಶಾಲೆಯ ಪಾತ್ರೆಗೆ ಸೋಡಾ ಬಿದ್ದೇ ಬೀಳುತ್ತದೆ. ಅದನ್ನೇ ತಬಸ್ಸುಮ ಉಣ್ಣುತ್ತಾಳೆ. ಆ ಲೆಕ್ಕವನ್ನು ಆಕೆ ಎಷ್ಟು ಸಲ ತಿರುಗಿಸಿ ನೋಡಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮರುದಿನ ಮಹಾನಂದಾ ಅಂಗಡಿಯಿಂದ ಸೋಡಾದ ಪುಡಿಕೆ ತಂದು ಒಲೆಯ ಪಕ್ಕದಲ್ಲಿಟ್ಟು, ಆಪಾಳ ಮುಖ ನೋಡದೆ ಈರುಳ್ಳಿ ಹೆಚ್ಚಲು ಕೂತಳು. ಬೇಳೆ ಕುದಿ ಬಂದಿತು. ಪೀರಬಿಯೇ ಮುಚ್ಚಳ ಸರಿಸಿದಳು. ಕೈ ಅಳತೆ ಮರೆತಿರಲಿಲ್ಲ. ನೊರೆ ಭುಸ್ಸೆಂದು ಎದ್ದಿತು.

ಗಂಟೆ ಬಾರಿಸುವ ಮೊದಲೇ ಊಟ ಸಿದ್ಧವಾಗಿತ್ತು. ಜಗದೇವರು ನಿಯಮದಂತೆ ಮೊದಲು ರುಚಿ ನೋಡಿ, "ಹಿಂಗಿರಬೇಕ ನೋಡ್ರಿ," ಎಂದರು. ಮಕ್ಕಳು ಬೆರಳು ನೆಕ್ಕಿ ಉಂಡರು. ಕಂಪೌಂಡಿನಾಚೆ ನಾಯಿಗಳು ಸ್ವಲ್ಪ ಹೊತ್ತು ಕಾದು ಎದ್ದು ಹೋದವು.

ತಬಸ್ಸುಮ ಮನೆಯಲ್ಲಿ ಉರ್ದು ಮಾತಾಡಿದರೂ ಶಾಲೆಯ ಅಂಗಳದಲ್ಲಿ ನಾನಿಯೊಂದಿಗೂ ಕನ್ನಡವೇ. ಸಾಲಿನಿಂದ ಎದ್ದು ಬಂದು ಖಾಲಿ ತಟ್ಟೆ ಮುಂದೆ ಹಿಡಿದಳು.

"ಇವತ್ತ ಬ್ಯಾಳಿ ಭಾಳ ಚಲೋ ಆಗ್ಯಾದ ನಾನಿ. ಇನ್ನಾ ಹಾಕು."

ಪೀರಬಿ ಸವಟು ತುಂಬಿ ಹಾಕಿದಳು. ಹುಡುಗಿ ತಟ್ಟೆ ಹಿಂದೆಗೆಯಲಿಲ್ಲ. ಇನ್ನೊಂದು ಸವಟು ಹಾಕಿದಳು.