ಎರಡನೇ ಪುಸ್ತಕ ನೋಡಲು ವರ್ತೂರಿಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ಲಗ್ಗೆರೆ ಬಿಟ್ಟಾಗ, ವರ್ತೂರಿನ ಶಾಲೆಯಲ್ಲಿ ಹುಳುಕು ಹುಡುಕಿಯೇ ಬರುತ್ತೇನೆಂದು ತೀರ್ಮಾನಿಸಿದ್ದೆ. ನಮ್ಮದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆ. ಮೂರನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನು. ಮುಂದಿನ ವರ್ಷಕ್ಕೆ ಒಂದನ್ನು ಆರಿಸಲು ಎರಡು ಇಂಗ್ಲಿಷ್ ಪಠ್ಯಪುಸ್ತಕಗಳು ಬಂದಿದ್ದವು. ಒಂದು ಪೂರ್ತಿ ಇಂಗ್ಲಿಷು, ನುಣುಪು ಕಾಗದ. ನನ್ನ ಓಟು ಅದಕ್ಕೆ. ಇನ್ನೊಂದು, ಮಕ್ಕಳು ಮೊದಲು ಮನೆಮಾತಿನಲ್ಲಿ ಮಾತಾಡಲಿ ಎನ್ನುತ್ತಿತ್ತು.

"ಆ ಎರಡನೇದು ವರ್ತೂರಲ್ಲಿ ನಡೀತಾ ಇದೆಯಂತೆ. ನೋಡ್ಕೊಂಡು ಬನ್ನಿ, ಸೋಮವಾರ ಆರ್ಡರ್ ಕೊಡ್ಬೇಕು," ಎಂದಿದ್ದರು ನಮ್ಮ ಹೆಡ್ ಮೇಡಂ. ನನ್ನ ಕ್ಲಾಸಿನಲ್ಲಿ ರಾಯಚೂರು ಕಡೆಯವರು, ತಮಿಳರು, ತೆಲುಗರು ಎಲ್ಲರೂ ಇದ್ದಾರೆ. ಮೂವತ್ತು ಮಕ್ಕಳಲ್ಲಿ ಬಾಯಿ ಬಿಡುವವರು ಆರೇಳು ಜನ. ಮುಂದಿನ ವರ್ಷ ಬರುವವರೂ ಹೀಗೇ ಕೂತುಬಿಟ್ಟರೆ ಎಂಬ ಚಿಂತೆ ನನಗೂ ಇತ್ತು.

ಗೊರಗುಂಟೆಪಾಳ್ಯದವರೆಗೆ ಬಸ್ಸು, ಹೆಂಗಸರಿಗೆ ಪುಕ್ಕಟೆ. ಅಲ್ಲಿಂದ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೂಡಿಯಲ್ಲಿ ಇಳಿಯಲು ತೊಂಬತ್ತು ರೂಪಾಯಿಯ ಹತ್ತಿರ. ಸ್ಟೇಷನ್ ಕೆಳಗೆ ಇಡ್ಲಿ ತಿಂದು, ಆಟೊ ಹಿಡಿದು, ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬೆಂದೆ. ವರ್ತೂರು ಕೆರೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಯಿತು.

ಸಲ್ಮಾ ಮೇಡಂ ಅವರ ಮೂರನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ. ಪುಸ್ತಕದಲ್ಲೊಂದು ಅಂಗಡಿಯ ಚಿತ್ರ, ಹರಿದ ಅಕ್ಕಿಮೂಟೆಯ ಮೇಲೆ ಬೆಕ್ಕು, ಅದನ್ನು ಗದರುತ್ತಿರುವ ಅಂಗಡಿಯವನು. ಮಕ್ಕಳು ಇಬ್ಬಿಬ್ಬರಾಗಿ ತಂತಮ್ಮ ಭಾಷೆಯಲ್ಲಿ ಶುರುಮಾಡಿದರು. ಗಲಾಟೆಯೋ ಗಲಾಟೆ. ಸಿಕ್ಕಿತು ಹುಳುಕು ಎಂದು ಖುಷಿಪಟ್ಟೆ.

"ತೆಲುಗು ಬರುತ್ತಾ ಮೇಡಂ? ಲಕ್ಷ್ಮಿ ಜೋಡಿ ಇವತ್ತು ರಜಾ," ಎಂದರು ಸಲ್ಮಾ. ನಾವು ಪಾವಗಡ ಕಡೆಯವರು, ಮನೆಯೊಳಗೆಲ್ಲ ತೆಲುಗೇ. ಹೋಗಿ ಲಕ್ಷ್ಮಿಯ ಪಕ್ಕ ಕೂತೆ. ಮೂಟೆ ಹರಿದದ್ದು ಇಲಿ, ಬೈಗುಳ ಮಾತ್ರ ಬೆಕ್ಕಿಗೆ ಎಂದು ಅವಳು ತೆಲುಗಿನಲ್ಲಿ ವಾದಿಸಿದಳು. ಮೂಟೆಯ ಹಿಂದಿದ್ದ ಇಲಿಯ ಬಾಲ ನನಗೆ ಕಂಡೇ ಇರಲಿಲ್ಲ. ಆಮೇಲೆ ಎದ್ದುನಿಂತು ಇಂಗ್ಲಿಷಿನಲ್ಲಿ ಹೇಳಿದಳು: "ರ‍್ಯಾಟ್ ಕಟ್ ಬ್ಯಾಗ್. ಅಂಕಲ್ ಸ್ಕೋಲ್ಡಿಂಗ್ ಕ್ಯಾಟ್. ನಾಟ್ ಫೇರ್, ಮಿಸ್."

ನಾನಾಗಿದ್ದರೆ ಮೊದಲ ತಪ್ಪಿಗೇ ಕೂರಿಸುತ್ತಿದ್ದೆ. ಸಲ್ಮಾ ಅದೇ ಮಾತುಗಳನ್ನು ಸರಿಯಾಗಿ ಬೋರ್ಡಿನ ಮೇಲೆ ಬರೆದು ಎಲ್ಲರಿಂದ ಓದಿಸಿದರು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಚಹಾ ಕುಡಿಯುವಾಗ ಕೇಳಿದೆ, "ಪೇರೆಂಟ್ಸ್ ಒಪ್ತಾರಾ?"

"ಮೊದಲ್ನೇ ತಿಂಗಳು ಬರೀ ಜಗಳ ಕಣ್ರೀ. ಮಗು ಮನೇಲಿ ಎರಡು ಮಾತು ಇಂಗ್ಲಿಷ್ ಆಡಿದ್ಮೇಲೆ ಸುಮ್ನಾಗ್ತಾರೆ."

ಹೂಡಿ ಪ್ಲಾಟ್‌ಫಾರ್ಮಿನಿಂದಲೇ ಹೆಡ್ ಮೇಡಂಗೆ ಫೋನ್ ಮಾಡಿ, ಎರಡನೇದನ್ನೇ ತರಿಸಿ ಎಂದೆ.

"ಪೇರೆಂಟ್ಸ್ ಬಂದು ಕೇಳಿದ್ರೆ?"

"ನನ್ ಹತ್ರ ಕಳಿಸಿ ಮೇಡಂ. ನಾನು ಮಾತಾಡ್ತೀನಿ."

ಲಗ್ಗೆರೆ ತಲುಪಿದಾಗ ನಾಲ್ಕು ಗಂಟೆ. ನಮ್ಮ ಬೀದಿಯ ನಲ್ಲಿಯ ಹತ್ತಿರ ನನ್ನ ಕ್ಲಾಸಿನ ಭೀಮವ್ವ ಕೊಡ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿದಳು. ನಾನು ಕನ್ನಡದಲ್ಲೇ ಕೇಳಿದೆ, "ಕೊಡ ಭಾರ ಆಗಲ್ವೇನೇ?"

"ಇಲ್ರಿ ಮಿಸ್. ಊರಾಗ ಎರಡು ತರ್ತಿದ್ನಿರಿ. ನಮ್ಮವ್ವ ಮೂರು ತರ್ತಾಳ್ರಿ," ಎಂದು ಶುರುಮಾಡಿದವಳು ನಮ್ಮ ಮನೆ ಬಾಗಿಲವರೆಗೂ ಮಾತಾಡುತ್ತಲೇ ಬಂದಳು. ಜೂನ್‌ನಿಂದ ಅವಳಿಗೆ ಪಾಠ ಮಾಡುತ್ತಿದ್ದೇನೆ. ಅವಳ ದನಿ ಕೇಳಿದ್ದು ಅಂದೇ ಮೊದಲು.